"ಔಟ್‌ಜನರಲ್" ಅನ್ನೋದಕ್ಕೆ ಕನ್ನಡದಲ್ಲಿ ಏನಂತೀರಿ?

ಅಕ್ಷರಪಟ್ಟಿ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಅಂತರ್ಯುದ್ಧದ ಮೇಲಿನ ಒಂದು ಪುಸ್ತಕವನ್ನು ಕನ್ನಡಕ್ಕೆ ತರ್ತಾ ಇದೀನಿ. ಮುನ್ನೂರು ಪುಟ ಹೇಗೋ ಸಾಗಿತು. ಈಗ ಒಂದೇ ಒಂದು ಕ್ರಿಯಾಪದದ ಮುಂದೆ ನಾಲ್ಕು ದಿನದಿಂದ ಕೂತಿದೀನಿ. ಆ ಪದ "ಔಟ್‌ಜನರಲ್".

ಅರ್ಥ ಕಷ್ಟವೇನಲ್ಲ. ಜನರಲ್ ಅಂದ್ರೆ ಸೇನಾಪತಿ. ಅದನ್ನೇ ಕ್ರಿಯಾಪದ ಮಾಡಿ ಮುಂದೆ "ಔಟ್" ಅಂಟಿಸಿದಾರೆ. ಔಟ್‌ರನ್ ಅಂದ್ರೆ ಓಟದಲ್ಲಿ ಹಿಂದೆ ಹಾಕೋದು, ಔಟ್‌ವಿಟ್ ಅಂದ್ರೆ ಬುದ್ಧಿಯಲ್ಲಿ, ಹಾಗೇ ಔಟ್‌ಜನರಲ್ ಅಂದ್ರೆ ಸೇನಾಪತಿಯ ಕೆಲಸದಲ್ಲಿ ಎದುರಾಳಿಯನ್ನ ಹಿಂದೆ ಹಾಕೋದು. ಇಂಗ್ಲಿಷ್‌ನವನಿಗೆ ಒಂದೇ ಉಸಿರು. ನನಗೆ ಒಂದು ಪ್ಯಾರಾ.

ನನ್ನ ಮುಂದಿರೋ ವಾಕ್ಯದ ಸಾರ ಇಷ್ಟು: 1863ರ ಮೇ ತಿಂಗಳಲ್ಲಿ ಚಾನ್ಸಲರ್ಸ್‌ವಿಲ್‌ನಲ್ಲಿ ಉತ್ತರದ ಸೈನ್ಯ ಕಾದಾಟದಲ್ಲಿ ಕಡಿಮೆ ಬೀಳಲಿಲ್ಲ, ಆದರೆ ಅದರ ದಂಡನಾಯಕ ಹುಕರ್‌ನನ್ನ ದಕ್ಷಿಣದ ದಂಡನಾಯಕ ಲೀ "ಔಟ್‌ಜನರಲ್" ಮಾಡಿದ. "ಸೋಲಿಸಿದ" ಅಂತ ಬರೆದರೆ ವಾಕ್ಯದ ಜೀವವೇ ಹೋಗುತ್ತೆ. ಸೋತದ್ದು ಸೈನಿಕರಲ್ಲ, ಅವರ ಮೇಲಿದ್ದವನ ತಲೆ ಅನ್ನೋದೇ ಅಲ್ಲಿನ ಮಾತು. ಏನಾದ್ರೂ ಹೊಳೆದರೆ ಹೇಳಿ.

ಚುರುಮುರಿ

ಶೀರ್ಷಿಕೆ ಜೋರಾಗಿ ಓದಿದೆ. ನಮ್ಮಮ್ಮ ಅಡುಗೆಮನೆಯಿಂದ "ಜನರಲ್‌ನಲ್ಲಿ ಸೀಟು ಸಿಗಲಿಲ್ವಾ?" ಅಂದ್ರು. ಕನ್ನಡದಲ್ಲಿ ಜನರಲ್ ಅಂದ್ರೆ ಮೊದಲು ರೈಲಿನ ಬೋಗಿ, ಆಮೇಲೆ ಜನರಲ್ ಸ್ಟೋರ್, ಮೂರನೆಯದಾಗಿ ಕಾರ್ಯಪ್ಪ. ಆದ್ದರಿಂದ ಇದ್ದದ್ದನ್ನ ಇದ್ದ ಹಾಗೇ ಕನ್ನಡ ಲಿಪೀಲಿ ಬರೆದು ಕೈತೊಳ್ಕೊಳ್ಳೋ ದಾರಿ ಮುಚ್ಚಿದೆ ಅಂತ ತಿಳ್ಕೊಳ್ಳಿ.

ಕರಡುತಿದ್ದುವವ

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡ್ತೀನಿ. ಯಾವ ಪದ ಆರಿಸಿದರೂ "ಮೀರಿಸಲ್ಪಟ್ಟನು" ಅಂತ ಮಾತ್ರ ಬರೀಬೇಡಿ. ಇಂಗ್ಲಿಷ್‌ನಲ್ಲಿ ಈ ಪದ ಬಹಳ ಸಲ ಕರ್ಮಣಿಯಲ್ಲೇ ಬರುತ್ತೆ, ಸೋತವನೇ ವಾಕ್ಯದ ಕರ್ತೃ ಆಗಿ ಕೂತಿರ್ತಾನೆ. ಕನ್ನಡಕ್ಕೆ ಆ "ಅಲ್ಪಟ್ಟ" ಒಗ್ಗಲ್ಲ. ಹಾಗೆ ಬರೆದ ಪುಟಗಳನ್ನ ತಿದ್ದಿ ತಿದ್ದಿ ನನ್ನ ಕನ್ನಡಕದ ನಂಬರ್ ಏರಿದೆ. ಗೆದ್ದವನನ್ನ ಕರ್ತೃ ಮಾಡಿ, ಇಲ್ಲಾ ಸೋತವನಿಗೆ ಅವನದೇ ಒಂದು ಕ್ರಿಯಾಪದ ಕೊಡಿ: ಎಡವಿದ, ಬೇಸ್ತುಬಿದ್ದ, ಕೈಚೆಲ್ಲಿದ, ಏನಾದರೂ.

ಪದಕಮ್ಮಟ

ಅಚ್ಚಗನ್ನಡದಲ್ಲಿ ಸೇನಾಪತಿಗೆ "ಪಡೆವಳ" ಅನ್ನೋ ಸೊಗಸಾದ ಪದವಿದೆ. ಪಡೆವಳನ ಕೆಲಸ ಪಡೆವಳಿಕೆ. "ಮೀರು" ಸೇರಿಸಿದರೆ "ಮೀರ್ಪಡೆವಳಿಸು". ಲೀಯು ಹುಕರನನ್ನು ಮೀರ್ಪಡೆವಳಿಸಿದನು. ಇಂಗ್ಲಿಷಿನವರು ಕಟ್ಟಿದ ಹಾಗೇ ನಾವೂ ಕಟ್ಟಿದೆವು. ತಪ್ಪೇನು?

ಧಾರವಾಡದಾಂವ

ತಪ್ಪೇನಿಲ್ರೀ, ಓದಾಂವಗ ಹಲ್ಲು ಗಟ್ಟಿ ಇರಬೇಕು ಅಷ್ಟ. "ಮೀರ್ಪಡೆವಳಿಸಿದನು" ಅಂತ ಮೂರು ಸಲ ಅಂದ್ರ ಲೀನ ಕುದರಿಮ್ಯಾಲಿಂದ ಬೀಳ್ತಾನ.

ನಮ್ಮ ಕಡೆ ಇದಕ್ಕ ಮೊದಲ ಮಾತು ಐತಲ್ಲ. "ಸೇರಿಗೆ ಸವ್ವಾಸೇರು". ಒಬ್ಬ ಶಾಣ್ಯಾ ಇದ್ರ ಅವಂಗಿಂತ ಕಾಲು ಸೇರು ಹೆಚ್ಚಿನಾಂವ ಇನ್ನೊಬ್ಬ. ಮರಾಠಿಯೊಳಗೂ ಐತಿ, ಹಿಂದಿಯೊಳಗೂ ಐತಿ, ಯಾರಿಂದ ಯಾರು ಇಸಗೊಂಡ್ರೋ ದೇವರಿಗೇ ಗೊತ್ತು. ಅದೂ ಬ್ಯಾಡಂದ್ರ "ಚಾಪಿ ಕೆಳಗ ನುಸುಳಿದ್ರ ರಂಗೋಲಿ ಕೆಳಗ ನುಸುಳಿದ" ಅನ್ರಿ. ಜನರಲ್‌ಗೋಳು ಮಾಡೂದೂ ಅದ ಕೆಲಸ.

ಅಕ್ಷರಪಟ್ಟಿ

ರಂಗೋಲಿ ಗಾದೆ ನನಗೂ ಹೊಳೆದಿತ್ತು. ಆದರೆ ಅದರಲ್ಲಿ ಕುಯುಕ್ತಿಯ ವಾಸನೆ ಇದೆ. ಲೇವಾದೇವಿಯವನಿಗೂ ಪುಢಾರಿಗೂ ಹೊಂದುತ್ತೆ. ಒಂದು ಲಕ್ಷ ಜನರನ್ನ ನದಿ ದಾಟಿಸೋನಿಗೆ ಅದು ಸಾಲದು. "ಚಳ್ಳೆಹಣ್ಣು ತಿನ್ನಿಸು" ಕೂಡ ಅದೇ ಥರ, ಪೊಲೀಸರಿಗೆ ಕಳ್ಳ ತಿನ್ನಿಸೋದು ಅದು. "ರಣತಂತ್ರದಲ್ಲಿ ಮೀರಿಸಿದ" ಅಂತಲೂ ಬರೆದು ನೋಡಿದೆ. ಚುನಾವಣೆ ವರದಿಗಳು ಆ ಪದವನ್ನ ಎಷ್ಟು ಸವೆಸಿಬಿಟ್ಟಿವೆ ಅಂದ್ರೆ, "ಲೀ ರಣತಂತ್ರ ಹೆಣೆದ" ಅಂದ ಕೂಡಲೇ ಅವನು ಟಿಕೆಟ್ ಹಂಚ್ತಿರೋ ಹಾಗೆ ಕಾಣುತ್ತೆ.

ಶಾಸನಪ್ರಿಯ

ಪಡೆವಳ ಸರಿಯೇ, ಆದರೆ ನಮ್ಮ ಓದುಗರ ಕಿವಿಯಲ್ಲಿ ಉಳಿದಿರುವ ಪದ "ದಂಡನಾಯಕ", ಆಡುಮಾತಿನಲ್ಲಿ "ದಣ್ಣಾಯಕ". ಸೋಮನಾಥಪುರದ ದೇವಸ್ಥಾನ ಕಟ್ಟಿಸಿದ್ದು ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ. ಅಮೃತಪುರದ್ದು 1196ರಲ್ಲಿ ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನದು. ಹರಿಹರದ ಹರಿಹರೇಶ್ವರ ಪೋಲಾಳ್ವ ದಂಡನಾಥನದು. ತಮಿಳುನಾಡಿನ ಭವಾನಿಸಾಗರ ಅಣೆಕಟ್ಟಿನ ನೀರಿನಡಿ ಮುಳುಗಿರುವ ಕೋಟೆಯ ಹೆಸರೂ "ದಣ್ಣಾಯಕನ ಕೋಟೆ". ಬೆಂಗಳೂರಿನ ಕಂಟೋನ್ಮೆಂಟ್ ಸ್ಟೇಷನ್ನಿನ ಕನ್ನಡ ಹೆಸರು "ದಂಡು". ಅಂದಮೇಲೆ "ದಣ್ಣಾಯಕತನ" ಅಂದರೆ ಯಾರೂ ನಿಘಂಟು ತೆಗೆಯಬೇಕಿಲ್ಲ.

ಇನ್ನು "ಔಟ್" ಅನ್ನುವ ಭಾಗ. ನಮ್ಮ ಬಿರುದುಗಳಲ್ಲಿ ಅದಕ್ಕೊಂದು ಅಚ್ಚೇ ಇತ್ತು: "ಗಂಡ". ಹೊಯ್ಸಳರ ಚಿನ್ನದ ನಾಣ್ಯದ ಮೇಲೆ "ಮಲಪರೊಳ್ಗಂಡ", ಮಲೆನಾಡ ಪಾಳೆಯಗಾರರ ನಡುವೆ ಗಂಡ. ವಿಜಯನಗರದವರದು "ಭಾಷೆಗೆ ತಪ್ಪುವ ರಾಯರ ಗಂಡ", "ಮೂರು ರಾಯರ ಗಂಡ". ಯಾವ ಗುಂಪನ್ನು ಮೆಟ್ಟಿ ನಿಂತೆ ಅನ್ನುವುದನ್ನು ಹೇಳಿ "ಗಂಡ" ಅಂತ ಸೇರಿಸಿದರೆ ಮುಗಿಯಿತು. ಆ ಲೆಕ್ಕದಲ್ಲಿ ಲೀ "ದಣ್ಣಾಯಕರ ಗಂಡ".

ಚುರುಮುರಿ

ಸಾರ್, 2025 ದಾಟಿದೆ. "ದಣ್ಣಾಯಕರ ಗಂಡ" ಅಂದ್ರೆ ದಣ್ಣಾಯಕರು ಯಾರೋ ಮೇಡಂ, ಇವರು ಅವರ ಮನೆಯವರು.

ಶಾಸನಪ್ರಿಯ

ನಗು ಬಂತು, ಒಪ್ಪಿದೆ. ಹಾಗಾದರೆ ಕಪ್ಪೆ ಅರಭಟ್ಟನ ದಾರಿ ಹಿಡಿಯೋಣ. ಬಾದಾಮಿಯ ಬಂಡೆಯ ಮೇಲಿನ ಆ ತ್ರಿಪದಿ: "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ". ಅದೇ ಧಾಟಿಯಲ್ಲಿ "ದಣ್ಣಾಯಕಂಗೆ ದಣ್ಣಾಯಕಂ".

ಕರಡುತಿದ್ದುವವ

ಇಲ್ಲಿ ತಡೀರಿ. ಅಲ್ಲಿ ಅರ್ಥ "ಒಳ್ಳೆಯವರಿಗೆ ಒಳ್ಳೆಯವನು, ಮಧುರರಿಗೆ ಮಧುರ" ಅಂತ. ಎದುರಿನವರು ಹೇಗೋ ಹಾಗೆ ಇವನು. ಮೀರಿಸೋ ಮಾತೇ ಅಲ್ಲಿಲ್ಲ, ಸಮಸಮ. "ಬಾಧಿಪ್ಪ ಕಲಿಗೆ" ಬಂದಾಗ ಮಾತ್ರ ಅವನು "ಕಲಿಯುಗ ವಿಪರೀತನ್" ಆಗ್ತಾನೆ. ಧಾರವಾಡದವರ ಮಾತಿನಲ್ಲಿ ಹೇಳೋದಾದ್ರೆ ಅರಭಟ್ಟ ಸೇರಿಗೆ ಸೇರು. ನಮಗೆ ಬೇಕಾದ ಆ ಕಾಲು ಸೇರು ಅಲ್ಲಿ ಸಿಗಲ್ಲ.

ಶಾಸನಪ್ರಿಯ

ಸರಿ, ಒಪ್ಪಿದೆ. ಬಾದಾಮಿಯ ನಾಲ್ಕನೇಗವಿಯ ತನಕ ಹತ್ತಿದ ಉತ್ಸಾಹ ಇನ್ನೂ ಇಳಿದಿಲ್ಲ, ಅದಕ್ಕೆ ಹಾಗಾಯಿತು.

ರಿಚ್ಮಂಡ್‌ಕನ್ನಡಿಗ

ಚಾನ್ಸಲರ್ಸ್‌ವಿಲ್ ನಮ್ಮನೆಯಿಂದ ಒಂದು ಗಂಟೆ ಡ್ರೈವ್. ಊರಿಂದ ಯಾರೇ ಬಂದರೂ ಕರ್ಕೊಂಡು ಹೋಗ್ತೀನಿ. ಅವರಿಗೆ ಬೋರ್ ಆಗುತ್ತೆ, ನನಗಾಗಲ್ಲ. ಪದ ಹುಡುಕೋ ಮೊದಲು ಅಲ್ಲಿ ಏನಾಯ್ತು ನೋಡಿ. ಔಟ್‌ಜನರಲ್ ಅಂದ್ರೆ ಏನು ಅನ್ನೋದು ಅಲ್ಲೇ ಬಿಚ್ಕೊಳ್ಳುತ್ತೆ.

ಹುಕರ್ ಹತ್ತಿರ ಸುಮಾರು 1,30,000 ಜನ. ಲೀ ಹತ್ತಿರ ಸುಮಾರು 60,000. ಮೊದಲ ಏಟು ಹುಕರ್‌ದೇ, ಅದೂ ಚೆನ್ನಾಗಿತ್ತು. ಫ್ರೆಡರಿಕ್ಸ್‌ಬರ್ಗ್ ಎದುರಿಗೆ ಒಂದಷ್ಟು ಸೈನ್ಯ ಬಿಟ್ಟು, ಉಳಿದದ್ದನ್ನ ಮೇಲುಗಡೆ ನದಿ ದಾಟಿಸಿ ಲೀಯ ಬೆನ್ನ ಹಿಂದೆ ತಂದು ನಿಲ್ಲಿಸಿದ. ಏಪ್ರಿಲ್ 30ರ ರಾತ್ರಿ ಯಾರನ್ನಾದರೂ ಕೇಳಿದ್ದರೆ ಹುಕರೇ ಲೀಯನ್ನ ಔಟ್‌ಜನರಲ್ ಮಾಡಿದಾನೆ ಅಂತಿದ್ರು. ಮೇ 1ರಂದು ಎರಡೂ ಕಡೆ ಕೈಕೈ ಹತ್ತಿದ ಕೂಡಲೇ ಅದೇನಾಯ್ತೋ, ಮುಂದೆ ಹೋಗ್ತಿದ್ದವರನ್ನ ವಾಪಸ್ ಕರೆಸಿ ಕಾಡಿನೊಳಗೆ ರಕ್ಷಣೆಗೆ ಕೂತುಬಿಟ್ಟ.

ಲೀ ಕೂರಲಿಲ್ಲ. ಸುಮಾರು ಹತ್ತು ಸಾವಿರ ಜನರನ್ನ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಮೊದಲೇ ಬಿಟ್ಟು ಬಂದಿದ್ದ. ಉಳಿದದ್ದನ್ನ ಮತ್ತೆ ಎರಡು ಪಾಲು ಮಾಡಿ ದೊಡ್ಡ ಪಾಲನ್ನ ತನ್ನ ಕೈಕೆಳಗಿನ ಜನರಲ್ ಜಾಕ್ಸನ್ ಕೈಗೆ ಕೊಟ್ಟ. ಮೇ 2ರಂದು ಜಾಕ್ಸನ್ ಕಾಡುದಾರೀಲಿ ಹನ್ನೆರಡು ಮೈಲಿ ಸುತ್ತಿ ಹುಕರ್‌ನ ಬಲಗಡೆ ಕೊನೆಗೆ ಬಂದ. ಅಷ್ಟೂ ಹೊತ್ತು ಹುಕರ್ ಎದುರು ನಿಂತಿದ್ದು ಹದಿನಾಲ್ಕು ಸಾವಿರ ಚಿಲ್ಲರೆ ಜನರ ಜೊತೆ ಲೀ ಒಬ್ಬನೇ.

ಈಗ ಮುಖ್ಯ ವಿಷಯ ಕೇಳಿ. ಜಾಕ್ಸನ್‌ನ ಸಾಲು ಹೋಗ್ತಿರೋದು ಹುಕರ್ ಕಡೆಯವರಿಗೆ ಹಗಲಲ್ಲೇ ಕಂಡಿತ್ತು! ಮರಗಳ ನಡುವಿನ ಕಿಂಡೀಲಿ ಗಾಡಿಗಳು, ತೋಪುಗಳು, ಎಲ್ಲಾ. ಹುಕರ್ ಏನಂದ್ಕೊಂಡ? ಲೀ ಓಡಿಹೋಗ್ತಿದಾನೆ ಅಂತ. ಸಾಯಂಕಾಲ ಬಲಗಡೆಯ ಸೈನಿಕರು ಒಲೆ ಹೂಡಿ ಅಡುಗೆ ಮಾಡ್ತಿದ್ರು. ಕಾಡಿನೊಳಗಿಂದ ಇದ್ದಕ್ಕಿದ್ದ ಹಾಗೆ ಜಿಂಕೆ, ಮೊಲ ಓಡಿ ಬಂದವು. ಜನ ಕೇಕೆ ಹಾಕಿ ನಕ್ಕರು. ಅವುಗಳ ಹಿಂದೆಯೇ ಜಾಕ್ಸನ್‌ನ ಸಾಲು ಬಂತು.

ಮರುದಿನ ಬೆಳಿಗ್ಗೆ ಹುಕರ್ ಚಾನ್ಸಲರ್ ಮನೆ ಜಗಲೀಲಿ ಕಂಬಕ್ಕೆ ಒರಗಿ ನಿಂತಿದ್ದಾಗ ತೋಪಿನ ಗುಂಡು ಆ ಕಂಬಕ್ಕೇ ಬಿತ್ತು, ತಲೆ ಮಂಕಾಯ್ತು. ಆದರೆ ಆ ತಲೆ ಸೋತು ಆಗಲೇ ಎರಡು ದಿನ ಆಗಿತ್ತು. ಅವನ ಸೈನ್ಯದ ಒಂದು ದೊಡ್ಡ ಭಾಗ ಯುದ್ಧಕ್ಕೇ ಇಳಿಯಲಿಲ್ಲ. ಹೊಡೆದಾಡಿದವರು ಚೆನ್ನಾಗೇ ಹೊಡೆದಾಡಿದ್ರು. ಉತ್ತರದವರಿಗೆ ಸುಮಾರು 17,000 ಸಾವುನೋವು, ದಕ್ಷಿಣದವರಿಗೂ ಸುಮಾರು 13,000. ಜಾಕ್ಸನ್‌ಗೆ ಕತ್ತಲಲ್ಲಿ ಅವನ ಕಡೆಯವರದೇ ಗುಂಡು ತಗುಲಿ ಎಂಟು ದಿನಕ್ಕೆ ಸತ್ತ. ಅದಕ್ಕೇ ಅಲ್ಲಿ ಬರೀ "ಸೋಲಿಸಿದ" ಅಂದ್ರೆ ನನಗೂ ಹೊಟ್ಟೆ ತುಂಬಲ್ಲ.

ಅಕ್ಷರಪಟ್ಟಿ

ಜಿಂಕೆಗಳದು ನನ್ನ ಪುಸ್ತಕದಲ್ಲೂ ಇದೆ, ಆದರೆ ನೀವು ಹೇಳಿದ ಇನ್ನೊಂದು ಮಾತು ನನಗೆ ಹೊಸದಾಗಿ ಕಂಡಿತು. "ಕಂಡಿತ್ತು, ಆದರೆ ತಪ್ಪಾಗಿ ಓದಿದ." ನಾನು "ಮೀರಿಸು" ಹಿಡಿದು ಗೆದ್ದವನ ಕಡೆಯಿಂದಲೇ ಹುಡುಕ್ತಾ ಇದ್ದೆ. ಈ ಪದದ ಅರ್ಧ ಭಾರ ಸೋತವನ ತಲೆಯೊಳಗಿದೆ.

ಪಟ್ಟಣದಹುಡುಗಿ

ನಾನು ಶ್ರೀರಂಗಪಟ್ಟಣದವಳು. ಔಟ್‌ಜನರಲ್ ಅನ್ನೋದನ್ನ ನಮ್ಮೂರಲ್ಲಿ ಗೋಡೆ ಮೇಲೆ ಬರೆದಿಟ್ಟಿದಾರೆ.

ದರಿಯಾ ದೌಲತ್‌ನ ಪಡುವಣ ಗೋಡೆ. 1780ರ ಸೆಪ್ಟೆಂಬರ್ 10ರ ಪೊಳಲೂರು ಯುದ್ಧದ ಚಿತ್ರ. ಸ್ಕೂಲಲ್ಲಿ ಪ್ರತಿ ವರ್ಷ ಸಾಲಾಗಿ ಕರ್ಕೊಂಡು ಹೋಗೋರು, ನಾವು ಕುದುರೆ ಎಣಿಸ್ತಿದ್ವಿ. ಮಧ್ಯದಲ್ಲಿ ಇಂಗ್ಲಿಷರ ದಂಡು ಚೌಕಾಕಾರವಾಗಿ ನಿಂತಿದೆ, ಸುತ್ತಲೂ ಮೈಸೂರಿನ ಕುದುರೆಗಳು. ಮದ್ದಿನ ಬಂಡಿ ಸಿಡೀತಾ ಇದೆ. ಚೌಕದೊಳಗೆ ಪಲ್ಲಕ್ಕೀಲಿ ಕರ್ನಲ್ ಬೈಲಿ, ಬೆರಳು ಬಾಯಲ್ಲಿ. ಈ ಕಡೆ ಟಿಪ್ಪು ಏನು ಮಾಡ್ತಿದಾನೆ ಗೊತ್ತಾ? ಗುಲಾಬಿ ಮೂಸ್ತಿದಾನೆ. ಅಷ್ಟು ರಕ್ತದ ನಡುವೆ ಒಬ್ಬ ಬೆರಳು ಕಚ್ತಿದಾನೆ, ಒಬ್ಬ ಹೂವು ಮೂಸ್ತಿದಾನೆ. ಬರೆಸಿದ್ದು ಗೆದ್ದವರು, ಅದು ಬೇರೆ ಮಾತು. ಆದ್ರೂ ಚಿತ್ರಗಾರ ಸೈನಿಕರನ್ನ ಹೇಡಿಗಳ ಹಾಗೆ ಬರೆದಿಲ್ಲ ನೋಡಿ, ಅವರ ಸಾಲು ನೆಟ್ಟಗಿದೆ. ಸೋತಿರೋದು ಪಲ್ಲಕ್ಕಿ ಒಳಗಿರೋ ಬೆರಳು.

ಇದನ್ನ "ಬೆರಳು ಕಚ್ಚಿಸಿದ" ಅಂತ ಅನ್ನಬಹುದಾ? ಮೂಗಿನ ಮೇಲೆ ಬೆರಳಿಡಿಸೋದು ಅಂತೂ ಮೊದಲೇ ಇದೆ.

ಕುಂದಾಪ್ರಮಾಣಿ

ಒಳ್ಳೆ ಮಾತು. ಆದರೆ ಪೊಳಲೂರಿನಲ್ಲಿ ಔಟ್‌ಜನರಲ್ ಆದವ ಬೈಲಿ ಅಲ್ಲ, ಮನ್ರೋ ಅಂತ ನನ್ನ ಲೆಕ್ಕ. ಹೆಕ್ಟರ್ ಮನ್ರೋ ಸಾಮಾನ್ಯದವನಲ್ಲ, 1764ರಲ್ಲಿ ಬಕ್ಸಾರ್ ಗೆದ್ದವ. ಅವನು ಕಾಂಚೀಪುರದಲ್ಲಿ ದೊಡ್ಡ ದಂಡು ಇಟ್ಕೊಂಡು ಕೂತಿದ್ದ. ಬೈಲಿ ಉತ್ತರದಿಂದ ಬಂದು ಅವನನ್ನು ಕೂಡಿಕೊಳ್ಳಬೇಕಿತ್ತು. ನಡುವೆ ಉಳಿದದ್ದು ಒಂದು ದಿನದ ನಡಿಗೆಯೂ ಅಲ್ಲ. ಹೈದರ್ ಮಾಡಿದ್ದು ಇಷ್ಟೇ, ಇಬ್ಬರನ್ನೂ ಕೂಡಲಿಕ್ಕೆ ಬಿಡಲಿಲ್ಲ. ಟಿಪ್ಪುವನ್ನು ಬೈಲಿ ಮೇಲೆ ಕಳಿಸಿ ತಾನು ಮನ್ರೋ ಎದುರು ಕೂತ. ಮನ್ರೋ ತಾನು ಹೊರಡುವ ಬದಲು ಸುಮಾರು ಒಂದು ಸಾವಿರ ಜನರನ್ನ ಬೈಲಿಗೆ ಕಳಿಸಿಕೊಟ್ಟ. ಬೈಲಿ ಆ ರಾತ್ರಿ ಮುಂದೆ ನಡೆಯದೆ ತಂಗಿದ. ಹೈದರ್ ಅದೇ ರಾತ್ರಿ ದಂಡು ಎಬ್ಬಿಸಿ ಹೊರಟ. ಬೆಳಗಾಗುವಷ್ಟರಲ್ಲಿ ಬೈಲಿಯ ಸುತ್ತ ಅಪ್ಪ ಮಗ ಇಬ್ಬರೂ. ಮನ್ರೋಗೆ ಸುದ್ದಿ ಮುಟ್ಟಿದಾಗ ಎಲ್ಲ ಮುಗಿದಿತ್ತು. ತನ್ನ ಭಾರದ ತೋಪುಗಳನ್ನು ಕಾಂಚೀಪುರದ ಕೆರೆಗೆ ತಳ್ಳಿ ಮದರಾಸಿನ ಕಡೆ ಹಿಮ್ಮೆಟ್ಟಿದ.

ಅಂದರೆ ಬೈಲಿ ಸೋತ, ಸೆರೆಸಿಕ್ಕ, ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಮನ್ರೋ ಒಂದು ದೊಡ್ಡ ಕಾಳಗವನ್ನೂ ಮಾಡದೆ ಸೋತ. ಈ ಎರಡನೆಯದಕ್ಕೆ ನಮ್ಮಲ್ಲಿ ಪದ ಬೇಕು.

ಪಟ್ಟಣದಹುಡುಗಿ

ಮನ್ರೋ ಚಿತ್ರದಲ್ಲಿ ಎಲ್ಲಿದಾನೆ ಅಂತ ಯಾವ ಮೇಷ್ಟ್ರೂ ತೋರಿಸಿರಲಿಲ್ಲ. ಈ ಸಲ ಊರಿಗೆ ಹೋದಾಗ ಮತ್ತೆ ನೋಡ್ತೀನಿ.

ಧಾರವಾಡದಾಂವ

ಹೈದರಂದ ಬಂತಂದ್ರ 1769 ಬಿಡಬ್ಯಾಡ್ರಿ. ಕಂಪನಿ ದಂಡಿನ ಕರ್ನಲ್ ಸ್ಮಿತ್ ಏನ್ ಕಡಿಮಿ ಆಸಾಮಿ ಅಲ್ಲ, ಎದುರಾಎದುರು ನಿಂತಾಗ ಹೈದರಗ ಸಾಕಷ್ಟು ಪೆಟ್ಟು ಕೊಟ್ಟಿದ್ದ. ಹೈದರ ಏನ್ ಮಾಡಿದ? ಅವನ ಕೂಡ ಕಾದೂದ ಬಿಟ್ಟ. ದೊಡ್ಡ ದಂಡು ಒಂದ್ ಕಡೆ ಕಳಿಸಿ, ಸುಮಾರು ಆರು ಸಾವಿರ ಕುದರಿ ತಗೊಂಡು ಮೂರೂವರಿ ದಿನದಾಗ ನೂರಾ ಮೂವತ್ತು ಮೈಲಿ ಹೊಡದು ಮಾರ್ಚ್ ಕೊನೀಗೆ ಮದರಾಸಿನ ಬಾಗಲಕ್ಕ ಬಂದು ನಿಂತ. ಸ್ಮಿತ್ ಹಿಂದ ಧೂಳ ನೋಡಕೋತ ಉಳದ. ಏಪ್ರಿಲ್ ಮೊದಲ ವಾರದಾಗ ಇಂಗ್ಲಿಷರು ಒಪ್ಪಂದಕ್ಕ ಸಹಿ ಹಾಕಿದ್ರು. ಒಂದು ಹೆಣ ಬೀಳಲಾರದ ಗೆದ್ದ ಅಂತಲ್ಲ, ಮೊದಲ ಎರಡು ವರ್ಷ ಬೇಕಾದಷ್ಟು ಬಿದ್ದಿದ್ವು. ಆದ್ರ ಕೊನೀ ಪಟ್ಟು ಮಾತ್ರ ಬರೇ ನಡಿಗೀದು.

ರಿಚ್ಮಂಡ್‌ಕನ್ನಡಿಗ

ಅದನ್ನ ಇಂಗ್ಲಿಷ್‌ನವರು "ಔಟ್‌ಮಾರ್ಚ್" ಅಂತಾರೆ, ನಡಿಗೇಲಿ ಹಿಂದೆ ಹಾಕೋದು. ಔಟ್‌ಫ್ಲ್ಯಾಂಕ್ ಅಂದ್ರೆ ಪಕ್ಕಕ್ಕೆ ಸುತ್ತಿ ಬರೋದು. ಔಟ್‌ನಂಬರ್ ಅಂದ್ರೆ ಸಂಖ್ಯೆ. ಔಟ್‌ಗನ್ ಅಂದ್ರೆ ತೋಪು. ಇವೆಲ್ಲಾ ಒಂದೊಂದು ಬೆರಳು. ಔಟ್‌ಜನರಲ್ ಅಂದ್ರೆ ಇಡೀ ಕೈ. 1728ರಲ್ಲಿ ಪಾಲ್ಖೇಡ್‌ನಲ್ಲಿ ಮೊದಲನೇ ಬಾಜೀರಾವ್ ನಿಜಾಮನಿಗೆ ಮಾಡಿದ್ದು ಅದೇ. ನಿಜಾಮ ಪುಣೆ ಹಿಡಿದು ಕೂತ. ಬಾಜೀರಾವ್ ಪುಣೆ ಕಡೆ ತಿರುಗಿಯೂ ನೋಡದೆ ನಿಜಾಮನ ಸೀಮೆಗೇ ನುಗ್ಗಿ ಅಲ್ಲಿಂದ ಗುಜರಾತಿನ ತನಕ ಸುತ್ತಿದ. ನಿಜಾಮ ಅವನ ಹಿಂದೆ ಬಿದ್ದು, ಭಾರದ ತೋಪುಗಳನ್ನ ಹಿಂದೆ ಬಿಟ್ಟು ಬಂದು, ಕೊನೆಗೆ ನೀರಿಲ್ಲದ ಜಾಗದಲ್ಲಿ ಸಿಕ್ಕಿಬಿದ್ದ. ಹೊಡೆದದ್ದಕ್ಕಿಂತ ಬಾಯಾರಿದ್ದು ಜಾಸ್ತಿ.

ನಿವೃತ್ತಸ್ಯಾಪರ್

ನಾನು ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇಪ್ಪತ್ನಾಲ್ಕು ವರ್ಷ ಇದ್ದೆ, ಸೈನ್ಯದ ಇಂಜಿನಿಯರ್ ಪಡೆ ಅದು. ಟ್ರೈನಿಂಗು ಹಲಸೂರಲ್ಲಿ. ನೀವು ರಾಜರ ಕಾಲದಲ್ಲೇ ತಿರುಗ್ತಿದ್ದೀರಿ, ನಮ್ಮ ತಿಮ್ಮಯ್ಯನವರ ಹೆಸರು ಯಾರೂ ಎತ್ತಲಿಲ್ಲ.

1948, ಕಾಶ್ಮೀರದಲ್ಲಿ ಪಾಕಿಸ್ತಾನದ ಜೊತೆ ಯುದ್ಧ. ಜೋಜಿಲಾ ಕಣಿವೆ, ಹನ್ನೊಂದೂವರೆ ಸಾವಿರ ಅಡಿ. ಶ್ರೀನಗರದಿಂದ ಲೇಹ್‌ಗೆ ಹೋಗೋ ದಾರಿ ಅದು, ಅದರ ಎರಡೂ ಕಡೆ ಗುಡ್ಡದ ಮೇಲೆ ಎದುರಾಳಿ ಕೂತಿದ್ದ. ಸೆಪ್ಟೆಂಬರ್‌ನಲ್ಲಿ ಕಾಲಾಳುಗಳನ್ನ ಕಳಿಸಿದ ಪ್ರಯತ್ನ ವಿಫಲ ಆಗಿತ್ತು. ಮೇಜರ್ ಜನರಲ್ ತಿಮ್ಮಯ್ಯ, ಮಡಿಕೇರಿಯವರು, ಟ್ಯಾಂಕ್ ತರೋಣ ಅಂದರು. ಸ್ಟುವರ್ಟ್ ಟ್ಯಾಂಕು. ಅಷ್ಟು ಎತ್ತರಕ್ಕೆ ಟ್ಯಾಂಕ್ ಹತ್ತಿಸೋದು ಅವತ್ತು ಯಾರ ತಲೆಗೂ ಬರೋ ವಿಷಯ ಅಲ್ಲ. ಮೇಲಿನ ತಿರುಗುಗೋಪುರ ಬಿಚ್ಚಿ, ಗುರುತು ಸಿಗದ ಹಾಗೆ ಮುಚ್ಚಿ ಜಮ್ಮು ಕಡೆಯಿಂದ ಸಾಗಿಸಿದರು. ಕತ್ತೆದಾರಿಯನ್ನ ಟ್ಯಾಂಕ್ ಹೋಗೋ ದಾರಿ ಮಾಡಿದ್ದು ನಮ್ಮ ಸ್ಯಾಪರ್ಸ್. ನಾನು ಸೇರಿದಾಗಲೂ ಹಿರಿಯರು ಆ ಬಂಡೆಗಳ ಕಥೆ ಹೇಳ್ತಿದ್ದರು. ನವೆಂಬರ್ 1, ಹಿಮ ಬೀಳ್ತಾ ಇತ್ತು. ಟ್ಯಾಂಕು ತಿರುವಲ್ಲಿ ಕಾಣಿಸಿಕೊಂಡಾಗ ಎದುರಿನವರ ಬಂಕರ್‌ಗಳಲ್ಲಿ ಅದಕ್ಕೆ ಉತ್ತರ ಕೊಡೋ ಸಾಮಾನೇ ಇರಲಿಲ್ಲ.

ಸೈನ್ಯದಲ್ಲಿದ್ದವನ ಮಾತು ಹೇಳ್ತೀನಿ. ನಾವು "ರಣತಂತ್ರ" ಅಂತೆಲ್ಲ ಅನ್ನಲ್ಲ. "ಸಾಹೇಬ ಮೊದಲೇ ನೋಡಿಟ್ಟಿದ್ದ" ಅಂತೀವಿ. ಅಷ್ಟೇ.

ಕುಂದಾಪ್ರಮಾಣಿ

ಸಾರ್, ಗೌರವದಿಂದಲೇ ಒಂದು ತಕರಾರು. ಜೋಜಿಲಾ ಅದ್ಭುತ, ಎರಡು ಮಾತಿಲ್ಲ. ಆದರೆ ಔಟ್‌ಜನರಲ್ ಅನ್ನಲಿಕ್ಕೆ ಎದುರಿಗೆ ಒಬ್ಬ ಜನರಲ್ ಬೇಕಲ್ಲ? ಇಬ್ಬರ ತಲೆ ಕಾದಬೇಕು. ಜೋಜಿಲಾದಲ್ಲಿ ತಿಮ್ಮಯ್ಯನವರ ಎದುರು ನಿಂತದ್ದು ಒಂದು ಬೆಟ್ಟ, ಚಳಿ, ಮತ್ತೆ "ಇಲ್ಲಿಗೆ ಟ್ಯಾಂಕ್ ಬರೋದಿಲ್ಲ" ಅನ್ನುವ ನಂಬಿಕೆ.

ನಿವೃತ್ತಸ್ಯಾಪರ್

ಆ ನಂಬಿಕೆ ಯಾರದು? ಎದುರಿನ ಕಮಾಂಡರ್‌ದೇ ತಾನೆ? ಅದನ್ನ ಸೋಲಿಸಿದರೆ ಅವನನ್ನೇ ಸೋಲಿಸಿದ ಹಾಗೆ.

ಕುಂದಾಪ್ರಮಾಣಿ

ಹೂಂ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಪದಕಮ್ಮಟ

ನನ್ನ ಪದ ಯಾರಿಗೂ ಹಿಡಿಸಲಿಲ್ಲ, ಇರಲಿ. "ಮೇಲುಗೈ" ಹೇಗೆ? ಲೀ ಹುಕರನ ಮೇಲೆ ಮೇಲುಗೈ ಸಾಧಿಸಿದ.

ಕರಡುತಿದ್ದುವವ

ಮೇಲುಗೈ ಒಂದು ಸ್ಥಿತಿ. ಆಟದ ಮಧ್ಯದಲ್ಲಿ ಯಾರಿಗಾದರೂ ಇರುತ್ತೆ, ಮತ್ತೆ ಹೋಗುತ್ತೆ. ಏಪ್ರಿಲ್ 30ಕ್ಕೆ ಹುಕರ್‌ಗೂ ಮೇಲುಗೈ ಇತ್ತು. ಅಲ್ಲದೆ ಕೈಯಲ್ಲ, ತಲೆ ಬೇಕು ಇಲ್ಲಿ.

ಹೊಸಬ್ಬ

ಮಧ್ಯ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಔಟ್‌ಜನರಲ್ ಅಂದ್ರೆ ಹುದ್ದೇಲಿ ಮೇಲಿನ ಜನರಲ್ ಅಂತಲ್ವಾ? ನಾನು ಹಾಗೇ ಅಂದ್ಕೊಂಡಿದ್ದೆ.

ರಿಚ್ಮಂಡ್‌ಕನ್ನಡಿಗ

ಅಲ್ಲ, ಅದು ಔಟ್‌ರ‍್ಯಾಂಕ್. ಹುದ್ದೆಗೂ ಇದಕ್ಕೂ ಸಂಬಂಧ ಇಲ್ಲ. ಬರೀ ಮೇಜರ್ ಒಬ್ಬ ಎದುರಾಳಿ ಜನರಲ್‌ನನ್ನ ಔಟ್‌ಜನರಲ್ ಮಾಡಬಹುದು. ಸೈನ್ಯವೇ ಬೇಕಂತಿಲ್ಲ, ಕ್ರಿಕೆಟ್ ಕ್ಯಾಪ್ಟನ್‌ಗೂ ಕೋರ್ಟಲ್ಲಿ ವಕೀಲನಿಗೂ ಬಳಸ್ತಾರೆ. ಬೇಕಾಗಿರೋದು ಎರಡೇ: ತನ್ನ ಕೈಕೆಳಗೆ ಜನ ಇರಬೇಕು, ಎದುರಿಗೆ ಅಂಥದ್ದೇ ಇನ್ನೊಬ್ಬ ಇರಬೇಕು. ಒಂಟಿ ಕುಸ್ತಿಗೆ ಅದನ್ನ ಹೇಳಲ್ಲ.

ಕುಂದಾಪ್ರಮಾಣಿ

ಮತ್ತೊಂದು ಸೇರಿಸ್ತೇನೆ. ಒಮ್ಮೆ ಮೀರಿಸಿದವ ಯಾವಾಗಲೂ ಮೀರಿಸ್ತಾನೆ ಅಂತಿಲ್ಲ. ಪೊಳಲೂರು ಆಗಿ ಒಂದು ವರ್ಷ ತುಂಬುವ ಮೊದಲೇ, 1781ರ ಜುಲೈ 1ಕ್ಕೆ ಪರಂಗಿಪೇಟೆಯಲ್ಲಿ ಐರ್ ಕೂಟ್ ಅದೇ ಹೈದರನನ್ನು ಸೋಲಿಸಿದ, ಹೈದರನ ದಂಡು ಎಷ್ಟೋ ಪಾಲು ದೊಡ್ಡದಿದ್ದರೂ. ಹಾಗಾಗಿ "ಶ್ರೇಷ್ಠ ದಂಡನಾಯಕ" ಅನ್ನುವ ಧಾಟಿಯ ಅನುವಾದ ಬೇಡ. ಅದು ಆ ಮನುಷ್ಯನಿಗೆ ಕೊಡುವ ಬಿರುದು. ಇದು ಆ ದಿನದ ಲೆಕ್ಕ.

ಅಕ್ಷರಪಟ್ಟಿ

ಇವತ್ತು ಬೆಳಿಗ್ಗೆ ಕೂತು ಬರೆದದ್ದು ಇಲ್ಲಿ ಹಾಕ್ತೀನಿ, ಬೈದು ಹೇಳಿ.

ಮೊದಲನೆಯದು: "ದಣ್ಣಾಯಕತನದಲ್ಲಿ ಲೀ ಹುಕರನನ್ನು ಮೀರಿಸಿದ." ಸರಿಯಾಗಿದೆ. ಪರೀಕ್ಷೆಯಲ್ಲಿ ಪೂರ್ತಿ ಅಂಕ ಕೊಡ್ತಾರೆ. ಓದಿ ಮುಗಿಸಿದ ಮೇಲೆ ಏನೂ ನೆನಪಿರಲ್ಲ.

ಎರಡನೆಯದು, ಸ್ಯಾಪರ್ ಸಾಹೇಬರ ಮಾತು ಹಿಡಿದು: "ಹುಕರ್ ಏನು ಮಾಡುತ್ತಾನೆಂದು ಹುಕರನಿಗಿಂತ ಮೊದಲೇ ಲೀ ನೋಡಿಟ್ಟಿದ್ದ." ಇದು ನನಗೆ ಇಷ್ಟ. ಆದರೆ ಮೂಲದಲ್ಲಿ ಇಲ್ಲದ ಮಾತನ್ನ ನಾನೇ ಸೇರಿಸಿದ ಹಾಗಾಯ್ತು.

ಮೂರನೆಯದು: "ಹುಕರನ ದಂಡು ಸೋಲುವ ಮೊದಲೇ ಹುಕರ್ ಸೋತಿದ್ದ. ದಣ್ಣಾಯಕತನದಲ್ಲಿ ಲೀ ಅವನಿಗೆ ಸವ್ವಾಸೇರಾಗಿ ನಿಂತ."

ಕರಡುತಿದ್ದುವವ

ಮೂರನೆಯದು. "ಮೊದಲೇ" ಅನ್ನೋದು ಕೆಲಸ ಮಾಡುತ್ತೆ. ಸೈನಿಕರ ಮೇಲಿನ ತಪ್ಪು ಇಳಿದು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯ್ತು. ಆದರೆ ಪುಸ್ತಕದ ತುಂಬಾ ಇದನ್ನೇ ಅಚ್ಚು ಹಾಕಬೇಡಿ. ಆ ಪದ ಇನ್ನೆಷ್ಟು ಕಡೆ ಬರುತ್ತೆ?

ಅಕ್ಷರಪಟ್ಟಿ

ಏಳು ಕಡೆ. ಎರಡು ಕಡೆ "ಮೀರಿಸಿದ" ಸಾಕು, ಯಾವುದರಲ್ಲಿ ಅನ್ನೋದು ಹಿಂದಿನ ಸಾಲಲ್ಲೇ ಗೊತ್ತಾಗುತ್ತೆ. ಒಂದು ಕಡೆ "ಬೇಸ್ತುಬೀಳಿಸಿದ". ಉಳಿದವನ್ನ ಅಲ್ಲಲ್ಲೇ ನೋಡ್ಕೋತೀನಿ.

ಶಾಸನಪ್ರಿಯ

ನನಗೊಂದು ಸಂಶಯ. ಸವ್ವಾಸೇರು ಅಂದರೆ ಒಂದೂಕಾಲು. ಲೀಯ ದಂಡು ಹುಕರನದರ ಅರ್ಧಕ್ಕಿಂತ ಕಡಿಮೆ. ಓದುಗ ಅಂಕಿ ನೋಡಿ, ಈಗಷ್ಟೇ ಅರ್ಧ ಅಂದಿರಿ, ಈಗ ಒಂದೂಕಾಲು ಅನ್ನುತ್ತೀರಿ ಅಂತ ಕೇಳಿದರೆ?

ಪಟ್ಟಣದಹುಡುಗಿ

ಕೇಳಲಿ ಬಿಡಿ, ಅದೇ ತಾನೆ ಮಜಾ. ನಮ್ಮಜ್ಜಿ ರಾಗಿ ಅಳೆಯುವಾಗ ಹೇಳ್ತಿದ್ದ ಹಾಗೆ ಹೇಳೋದಾದ್ರೆ: ದಂಡು ಅಚ್ಚೇರು, ದಣ್ಣಾಯಕ ಸವ್ವಾಸೇರು.

ಧಾರವಾಡದಾಂವ

ಏ ಹುಡುಗೀ! ಮುಗಸಿಬಿಟ್ಟಿ ನೋಡ.

ಅಕ್ಷರಪಟ್ಟಿ

ಇದನ್ನ ಆ ಅಧ್ಯಾಯದ ತಲೆಬರಹ ಮಾಡ್ಲಾ? ಕೃತಜ್ಞತೆಯಲ್ಲಿ ನಿಮ್ಮಜ್ಜಿಗೆ ಒಂದು ಸಾಲು ಹಾಕ್ತೀನಿ.

ಪಟ್ಟಣದಹುಡುಗಿ

ಮಾಡಿ. ಹೆಸರು ಬೇಡ, ರಾಗಿ ಅಂತ ಹಾಕಿ ಸಾಕು.

ಹೊಸಬ್ಬ

ಮತ್ತೆ ಕ್ಷಮಿಸಿ. ಅಚ್ಚೇರು ಅಂದ್ರೆ?

ಚುರುಮುರಿ

ಅರ್ಧ ಸೇರು ಕಣಪ್ಪ. ಎರಡು ಪಾವು. ಪಾವು ಅಂದ್ರೆ ಏನು ಅಂತ ಮಾತ್ರ ಕೇಳಬೇಡ, ಹೊಸ ಚರ್ಚೆ ಶುರುಮಾಡ್ಬೇಕಾಗುತ್ತೆ.